ಮೌಲಾ ಅಲಿ ಬೆಟ್ಟದ ಕೆಳಗಿನ ಚಂದಾ

ಒಂದು ನೋಟ, ಒಂದು ರಾತ್ರಿ, ಆಮೇಲೆ ಬರೀ ಕಾಯುವುದು. ಗಜಲ್‌ಗಳಲ್ಲಿ ಇದನ್ನ ಎಷ್ಟು ಸಲ ಕೇಳಿದ್ದೀವಿ! ಹಾಡುವವಳು ದರ್ಬಾರಿನ ತವಾಯಫ್ ಆಗಿದ್ದರಂತೂ ‘ಪಾಪ, ತನ್ನದೇ ಕಥೆ ಹೇಳ್ತಿದ್ದಾಳೆ’ ಅಂದುಬಿಡ್ತೀವಿ. ಹೈದರಾಬಾದಿನ ಮಹ್ ಲಖಾ ಬಾಯಿಯ ಬಗ್ಗೆ ನಾನೂ ಹಾಗೇ ಅಂದುಕೊಂಡಿದ್ದೆ.

ಆಕೆ ಹುಟ್ಟಿದ್ದು 1768ರಲ್ಲಿ, ತೀರಿಕೊಂಡದ್ದು 1824ರಲ್ಲಿ. ಕಾವ್ಯನಾಮ ‘ಚಂದಾ’. ನಿಜಾಮರ ದರ್ಬಾರಿನಲ್ಲಿ ಹಾಡಿ, ಕುಣಿದು, ಜಹಗೀರು ಗಳಿಸಿದವಳು. ಮದುವೆಯಾಗಲಿಲ್ಲ. ಉರ್ದುವಿನಲ್ಲಿ ತನ್ನದೇ ದಿವಾನ್, ಅಂದರೆ ಗಜಲ್ ಸಂಕಲನ, ಸಿದ್ಧಪಡಿಸಿದ ಮೊದಲ ಹೆಂಗಸರಲ್ಲಿ ಒಬ್ಬಳು.

1799ರಲ್ಲಿ ಅದರ ಒಂದು ಪ್ರತಿಯನ್ನು ಕಂಪನಿಯ ಅಧಿಕಾರಿ ಜಾನ್ ಮಾಲ್ಕಮ್‌ಗೆ ಉಡುಗೊರೆ ಕೊಟ್ಟಳು. ಅದೇ ವರ್ಷದ ಮೇ ತಿಂಗಳಲ್ಲಿ ನಿಜಾಮರ ಪಡೆಯ ಜೊತೆ ಶ್ರೀರಂಗಪಟ್ಟಣದ ಮುತ್ತಿಗೆಯಲ್ಲಿದ್ದವನು ಈತ. ವರ್ಷದ ಕೊನೆಗೆ ಪರ್ಷಿಯಾಕ್ಕೆ ಹೊರಟೇಬಿಟ್ಟ. ಆ ಹಸ್ತಪ್ರತಿ ಈಗ ಲಂಡನ್ನಿನ ಬ್ರಿಟಿಷ್ ಲೈಬ್ರರಿಯಲ್ಲಿದೆ. ಇಲ್ಲಿ ಪ್ರೇಮಕಥೆ ಹುಡುಕುವ ಆಸೆ ಸಹಜ. ಆದರೆ ದರ್ಬಾರಿನಲ್ಲಿ ಪುಸ್ತಕ ಕೊಡುವುದು ರಾಜಕೀಯ ಪರಿಚಯ ಬೆಳೆಸುವ ದಾರಿಯೂ ಹೌದು.

ಇನ್ನೊಂದು ಮಾತು. ಉರ್ದು ಗಜಲಿನ ರೂಢಿಯಲ್ಲಿ ಪ್ರೇಮಿ ಮಾತಾಡುವುದು ಪುಲ್ಲಿಂಗದಲ್ಲಿ. ಬರೆದವಳು ಹೆಣ್ಣಾದರೂ ರೂಢಿ ಅದೇ. ಅಂದಮೇಲೆ ಅಲ್ಲಿನ ವಿರಹವನ್ನು ಆಕೆಯ ದಿನಚರಿ ಅಂತ ಓದೋದು ಹೇಗೆ? ವಿರಹ ಆಕೆ ಕಲಿತ ವಿದ್ಯೆ. ಮೆಹಫಿಲಿಗೆ ಬಂದವರು ಕೇಳಲು ಬಯಸಿದ್ದೂ ಅದನ್ನೇ.

ಹಾಗಾದರೆ ಆಕೆ ಎಲ್ಲಿದ್ದಾಳೆ? ಕೊನೆಯ ಶೇರ್ ನೋಡಿ. ಆಕೆಯ ಗಜಲ್‌ಗಳಲ್ಲಿ ಸಾಮಾನ್ಯವಾಗಿ ಐದೇ ಶೇರ್‌ಗಳು, ಅಂದರೆ ದ್ವಿಪದಿಗಳು. ಕೊನೆಯದರಲ್ಲಿ ಕವಿಯ ಹೆಸರು ಬರುವುದು ಪದ್ಧತಿ. ಚಂದಾ ಅಲ್ಲಿಗೆ ಮೌಲಾ ಅಲಿಯನ್ನೂ ಕರೆತರುತ್ತಾಳೆ. ಅಕ್ಕಮಹಾದೇವಿಯ ವಚನದ ಕೊನೆಗೆ ಚೆನ್ನಮಲ್ಲಿಕಾರ್ಜುನ ಬರುವುದು ನಮಗೆ ಅಭ್ಯಾಸ. ಅಲ್ಲಿ ಬರುವುದು ದೇವರ ಹೆಸರೊಂದೇ. ಇಲ್ಲಿ ಬೇಡುವವಳ ಹೆಸರೂ ಪಕ್ಕದಲ್ಲಿದೆ. ನಾಲ್ಕು ಶೇರ್‌ಗಳ ತುಂಬ ಕೈಗೆ ಸಿಗದ ಪ್ರಿಯ. ಐದನೆಯದರಲ್ಲಿ ಬಿಟ್ಟುಹೋಗದ ಒಬ್ಬ.

ಆಕೆಯ ಒಂಟಿತನದ ಬಗ್ಗೆ ಏನಾದರೂ ಹೇಳುವುದಿದ್ದರೆ ನಾನು ಇಲ್ಲಿಂದಲೇ ಶುರುಮಾಡ್ತೀನಿ.

ಹೈದರಾಬಾದಿನಲ್ಲಿದ್ದರೆ ಮೌಲಾ ಅಲಿ ಬೆಟ್ಟದ ಬುಡಕ್ಕೆ ಹೋಗಿಬನ್ನಿ. ತಾಯಿ ರಾಜ್ ಕುನ್ವರ್ ಬಾಯಿಗೆ ಆಕೆ ಕಟ್ಟಿಸಿದ ಗೋರಿ ಅಲ್ಲಿದೆ. ಮಗಳೂ ಅಲ್ಲೇ, ತಾಯಿಯ ಪಕ್ಕದಲ್ಲಿ ಮಲಗಿದ್ದಾಳೆ. ಮೇಲೆ ಬೆಟ್ಟದಲ್ಲಿ ಅಲಿಯ ದರ್ಗಾ.