ರಾಡ್ ಉದ್ದ ಮಾಡಿದ್ರೆ ಗಾಡಿ ಹಾರುತ್ತಾ? ಗಿರಣಿ ಎಂಜಿನ್‌ನಿಂದ ಆರ್‌ಎಕ್ಸ್ 100ವರೆಗೆ

ಹಾವೇರಿ, ರಾಣೇಬೆನ್ನೂರು, ಬ್ಯಾಡಗಿ ಕಡೆ ಹಳೇ ಬೈಕ್ ಹುಚ್ಚಿರೋರು ಗ್ಯಾರೇಜಲ್ಲಿ ಸೇರಿದ್ರೆ ಒಂದು ಮಾತು ಬಂದೇ ಬರುತ್ತೆ: "ಉದ್ದನೇ ಕನೆಕ್ಟಿಂಗ್ ರಾಡ್ ಹಾಕ್ರಿ, ಗಾಡಿ ಹಾರ್ತೈತಿ ನೋಡ್ರಿ." ಇದರಲ್ಲಿ ನಿಜ ಎಷ್ಟು?

ನಮ್ಮ ಹಳ್ಳಿಗಳು ಮೊದಲು ಕೇಳಿದ್ದು ನಿಧಾನದ ಎಂಜಿನ್ ಸದ್ದು. ಹಿಟ್ಟಿನ ಗಿರಣಿ ತಿರುಗಿಸುತ್ತಿದ್ದ ಲಿಸ್ಟರ್ ಮಾದರಿ ಡೀಸೆಲ್ ಎಂಜಿನ್‌ಗೆ ನಿಮಿಷಕ್ಕೆ 650 ಸುತ್ತು ಸಾಕಿತ್ತು. 1961ರಲ್ಲಿ ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆಯಿಂದ 250 ಸಿಸಿ ಜಾವಾ ಬಂತು, ಆಮೇಲೆ ಅದೇ ಯೆಜ್ಡಿ ಆಯ್ತು. ಅದರ ಬೋರ್ 65 ಮಿ.ಮೀ., ಸ್ಟ್ರೋಕ್ 75. 1985ರಲ್ಲಿ ಬಂದ ಯಮಾಹಾ ಆರ್‌ಎಕ್ಸ್ 100ದ್ದು ಬೋರೂ 50, ಸ್ಟ್ರೋಕೂ 50. ಸ್ಟ್ರೋಕ್ ಗಿಡ್ಡವಾದ್ದರಿಂದಲೇ ಅದು 7500 ಸುತ್ತಿನಲ್ಲಿ 11 ಅಶ್ವಶಕ್ತಿ ಕೊಡೋದು ಸಾಧ್ಯವಾಯ್ತು.

ಈಗ ರಾಡ್ ವಿಷಯ. ಹೊಲಿಗೆ ಯಂತ್ರದ ಪೆಡಲಿಗೂ ಚಕ್ರಕ್ಕೂ ನಡುವಿನ ಕಡ್ಡಿ ನೆನಪಿಸಿಕೊಳ್ಳಿ, ಕೆಲಸ ಅದೇ. ರಾಡ್ ಉದ್ದವಾದ್ರೆ ಅದು ಕಡಿಮೆ ಓರೆಯಾಗುತ್ತೆ, ಪಿಸ್ಟನ್ ಸಿಲಿಂಡರ್ ಗೋಡೆಗೆ ಒತ್ತೋದು ಕಡಿಮೆ, ಮೇಲ್ತುದಿಯಲ್ಲಿ ಚೂರು ಹೆಚ್ಚು ಹೊತ್ತು ನಿಲ್ಲುತ್ತೆ. ಲಾಭ ನಿಜ. ಆದ್ರೆ ಎಷ್ಟು?

ಲೆಕ್ಕ ಹಾಕೋಣ. 50 ಮಿ.ಮೀ. ಸ್ಟ್ರೋಕಿಗೆ 100 ಮಿ.ಮೀ. ರಾಡ್ ಅಂತ ಇಟ್ಕೊಳ್ಳಿ. 7500 ಸುತ್ತಿನಲ್ಲಿ ಮೇಲ್ತುದಿಯ ಪಿಸ್ಟನ್ ಮೇಲೆ ಗುರುತ್ವದ ಸುಮಾರು 2000 ಪಟ್ಟು ಎಳೆತ. ರಾಡನ್ನ 110ಕ್ಕೆ ಏರಿಸಿದ್ರೆ ಈ ಎಳೆತ ಇಳಿಯೋದು ಶೇ. 2ಕ್ಕಿಂತ ಕಡಿಮೆ. ಸುತ್ತನ್ನ 8250ಕ್ಕೆ ಏರಿಸಿದ್ರೆ? ಶೇ. 21 ಹೆಚ್ಚುತ್ತೆ. ಯಾಕಂದ್ರೆ ಎಳೆತ ವೇಗದ ವರ್ಗದ ಲೆಕ್ಕದಲ್ಲಿ ಬೆಳೆಯುತ್ತೆ.

ಇನ್ನೊಂದು ಮಾತು. ರಾಡ್ ಒಂದೇ ಬದಲಾಯಿಸಿದ್ರೆ ಪಿಸ್ಟನ್ ಹೋಗಿ ಹೆಡ್ಡಿಗೆ ಬಡಿಯುತ್ತೆ. ಸಿಲಿಂಡರನ್ನೂ ಅಷ್ಟೇ ಎತ್ತಬೇಕು. ಎರಡು ಸ್ಟ್ರೋಕ್ ಎಂಜಿನ್ ಆದ್ರೆ ಪೋರ್ಟ್ ತೆರೆದು ಮುಚ್ಚೋ ಸಮಯವನ್ನೂ ಮತ್ತೆ ನೋಡಬೇಕು.

ಅದಕ್ಕೇ ಗಾಡಿ ಓಡಬೇಕು ಅನ್ನೋರು ಮೊದಲು ನೋಡಬೇಕಾದ್ದು ಪೋರ್ಟ್, ಕಾರ್ಬ್ಯುರೇಟರ್, ಸೈಲೆನ್ಸರ್. ಹೆಚ್ಚು ಸುತ್ತಿಗೆ ಬೇಕಾದ್ದು ಉದ್ದ ರಾಡಲ್ಲ, ಗಟ್ಟಿ ಬೇರಿಂಗ್, ಹಗುರ ಪಿಸ್ಟನ್. ಹಾವೇರಿ ಹೆದ್ದಾರಿಯಲ್ಲಿ ಬೆನ್ನ ಹಿಂದೆ ಲಾರಿ ಬರ್ತಿರುವಾಗ ಎಂಜಿನ್ ಜಾಮ್ ಆದ್ರೆ, ಗ್ಯಾರೇಜಲ್ಲಿ ಗೆದ್ದ ವಾದ ಕಾಪಾಡಲ್ಲ ನೋಡ್ರಿ.