ಗಂಗೆ ಹುಟ್ಟುವ ಬಂಡೆ, ಈಜು ಕಲಿಸಿದ ಬಾವಿ

2024ರ ಮಾರ್ಚಿನಲ್ಲಿ, ಬೆಂಗಳೂರಿಗೆ ಬೆಂಗಳೂರೇ ಟ್ಯಾಂಕರ್ ಹಿಂದೆ ಓಡುತ್ತಿದ್ದ ದಿನಗಳಲ್ಲಿ, ನಮ್ಮ ಟೀಮಿನ ವಾಟ್ಸಾಪ್ ಗುಂಪಿಗೆ ಒಂದು ಫೋಟೋ ಬಂತು. ಸುತ್ತ ಕೆಂಪು ಬಂಡೆಯ ಒಣ ಕಣಿವೆ. ನಡುವೆ ಹಸಿರು ಬೆರೆತ ನೀಲಿ ನೀರು ಧುಮುಕುತ್ತಿದೆ. ಕೆಳಗಿನ ಮಡುವಿನಲ್ಲಿ ನಮ್ಮ ಸಹೋದ್ಯೋಗಿ ಈಜುತ್ತಿದ್ದಾನೆ. ಆನ್‌ಸೈಟ್‌ಗೆ ಹೋದವನು ಅರಿಜೋನಾದ ಹವಾಸು ಜಲಪಾತಕ್ಕೆ ಹೋಗಿದ್ದನಂತೆ. ಅಲ್ಲಿಗೆ ಕಾರು ಹೋಗುವುದಿಲ್ಲ, ಮರುಭೂಮಿಯ ದಾರಿಯಲ್ಲಿ ಹದಿನೈದು ಕಿಲೋಮೀಟರ್ ಮೇಲೆಯೇ ನಡೆಯಬೇಕು.

ಫೋಟೋ ಕೆಳಗೆ ಶುರುವಾಯ್ತು ನೋಡಿ. "ಗುರೂ, ನಮ್ಮ ಬೆಂಗಳೂರಿನ ಹತ್ತಿರ ಇಂಥದ್ದು ಇಲ್ವಾ? ನೀನು ನೆಲಮಂಗಲದ ಕಡೆಯವನಲ್ವಾ?" ಇನ್ನೊಬ್ಬ ಆಗಲೇ ಒಂದು ಲೊಕೇಶನ್ ಕಳಿಸಿದ್ದ. ಕಲ್ಲು ತೆಗೆದು ಬಿಟ್ಟುಹೋದ ಕ್ವಾರಿ. ನೀರು ಗಾಜಿನ ಹಾಗೆ ನೀಲಿ. ಎಂಟ್ರಿ ಫೀಸಿಲ್ಲ, ಜನ ಇಲ್ಲ, ಶನಿವಾರ ಹೋಗೋಣ ಅಂದ.

ನಾನು "ಬೇಡ" ಅಂತ ಒಂದೇ ಪದ ಬರೆದೆ. ಪಿಯುಸಿಯಲ್ಲಿ ನನ್ನ ಪಕ್ಕ ಕೂರುತ್ತಿದ್ದ ಹುಡುಗ ಇಂಥದೇ ಕ್ವಾರಿಯಲ್ಲಿ ಹೋದ. ಅವನಿಗೆ ಈಜು ಬರುತ್ತಿತ್ತು, ನನಗಿಂತ ಚೆನ್ನಾಗಿ ಬರುತ್ತಿತ್ತು. ಆದರೆ ಕ್ವಾರಿಗೆ ದಡ ಅನ್ನುವುದೇ ಇರುವುದಿಲ್ಲ. ಗೋಡೆಯ ಹಾಗೆ ಕಡಿದ ಬಂಡೆ, ಕೈಗೆ ಹಿಡಿತವಿಲ್ಲ, ಕಾಲಿಗೆ ಮೆಟ್ಟಿಲಿಲ್ಲ. ಎರಡಾಳು ಕೆಳಗೆ ನೀರು ಮಂಜಿನಂತೆ ತಣ್ಣಗೆ. ಸುಸ್ತಾದವನು ಹತ್ತುವುದೆಲ್ಲಿಗೆ? ಅವನ ಚಪ್ಪಲಿ ಮೇಲೆ ಬಂಡೆಯ ಅಂಚಿನಲ್ಲಿ ಜೋಡಿಸಿಟ್ಟ ಹಾಗೇ ಇತ್ತು.

"ಕ್ವಾರಿ ಬೇಡ, ಶಿವಗಂಗೆಗೆ ಬನ್ನಿ. ನೀರು ತೋರಿಸ್ತೀನಿ" ಅಂದೆ. ಜಲಪಾತ ಇದೆ ಅಂತ ಹೇಳಲಿಲ್ಲ. ಇಲ್ಲ ಅಂತಲೂ ಹೇಳಲಿಲ್ಲ.

ತುಮಕೂರು ರಸ್ತೆಯಲ್ಲಿ ನೆಲಮಂಗಲ ದಾಟಿ ದಾಬಸ್‌ಪೇಟೆಯಲ್ಲಿ ಎಡಕ್ಕೆ ತಿರುಗಿದರೆ ಬೆಟ್ಟ ಎದುರಿಗೇ ನಿಲ್ಲುತ್ತದೆ. ಸಮುದ್ರಮಟ್ಟದಿಂದ ಸುಮಾರು 4500 ಅಡಿ. ಪೂರ್ವದಿಂದ ನೋಡಿದರೆ ಬಸವ, ಪಶ್ಚಿಮದಿಂದ ಗಣಪತಿ, ದಕ್ಷಿಣದಿಂದ ಲಿಂಗ, ಉತ್ತರದಿಂದ ಹೆಡೆಯೆತ್ತಿದ ಸರ್ಪ ಅಂತ ನಮ್ಮ ಕಡೆ ಎಲ್ಲ ಮಕ್ಕಳಿಗೂ ಹೇಳಿಕೊಡುತ್ತಾರೆ. ಹಳೆಯ ಹೆಸರು ಕಕುದ್ಗಿರಿ. ಜನ ದಕ್ಷಿಣ ಕಾಶಿ ಅಂತಲೂ ಕರೆಯುತ್ತಾರೆ. ಕಾಶಿಗೆ ಗಂಗೆ ಇದೆ, ಸರಿ. ಈ ಬೋಳು ಬಂಡೆಗೆ ಯಾಕೆ ಗಂಗೆಯ ಹೆಸರು?

ಉತ್ತರ ಹತ್ತುತ್ತಾ ಸಿಗುತ್ತದೆ. ಗಂಗಾಧರೇಶ್ವರನ ಗುಡಿ ದಾಟಿ ಮೇಲೆ ಹೋದರೆ ಬಂಡೆಯ ಸಂದಿಯಲ್ಲಿ ಒಳಕಲ್ ತೀರ್ಥ. ಒರಳಿನ ಬಾಯಿಯಂಥ ಒಂದು ಕುಳಿ. ಬಗ್ಗಿ ಕೈ ಇಳಿಸಬೇಕು, ಪುಣ್ಯವಂತರಿಗೆ ಮಾತ್ರ ನೀರು ಸಿಗುತ್ತದೆ ಅನ್ನುವುದು ನಂಬಿಕೆ. ನಮ್ಮ ಟೆಸ್ಟಿಂಗ್ ಲೀಡ್‌ಗೆ ಸಿಕ್ಕಿತು, ಮ್ಯಾನೇಜರಿಗೆ ಸಿಗಲಿಲ್ಲ. ಆ ದಿನವಿಡೀ ಅದೇ ತಮಾಷೆ. ಇನ್ನೊಂದು ಕಡೆ ಪಾತಾಳಗಂಗೆ, ಬಂಡೆಯ ಕೆಳಗೆ ಕತ್ತಲಲ್ಲಿ ನಿಂತ ನೀರು. ತುದಿಯಲ್ಲಿ ತೀರ್ಥಕಂಬ. ಮಕರ ಸಂಕ್ರಾಂತಿಯ ಬೆಳಗಿನ ಜಾವ ಅದರ ಹತ್ತಿರ ಗಂಗೆ ಹುಟ್ಟುತ್ತಾಳೆ ಅಂತ ಜನ ಚಳಿಯಲ್ಲಿ ಕಾಯುತ್ತಾರೆ. ಆ ತೀರ್ಥ ತಂದು ಗಿರಿಜಾ ಕಲ್ಯಾಣಕ್ಕೆ ಧಾರೆ ಎರೆಯುತ್ತಾರೆ.

ನಂಬಿಕೆ ನಂಬಿಕೆಯ ಜಾಗದಲ್ಲಿರಲಿ, ಬಂಡೆಯ ಕಥೆಯೂ ಸಣ್ಣದಲ್ಲ. ರಾಮನಗರ, ಮಾಗಡಿಯ ಬೆಟ್ಟಗಳ ಸಾಲಿಗೇ ಸೇರಿದ ಕಲ್ಲು ಇದು. ಭೂವಿಜ್ಞಾನಿಗಳು ಕ್ಲೋಸ್‌ಪೇಟ್ ಗ್ರಾನೈಟ್ ಅನ್ನುತ್ತಾರೆ. ಕ್ಲೋಸ್‌ಪೇಟೆ ಅಂದರೆ ರಾಮನಗರದ ಬ್ರಿಟಿಷರ ಕಾಲದ ಹೆಸರು. ವಯಸ್ಸು ಸುಮಾರು 250 ಕೋಟಿ ವರ್ಷ. ಈ ಕಲ್ಲು ನೀರು ಕುಡಿಯುವುದಿಲ್ಲ, ಅದರ ಬಿರುಕುಗಳು ಕುಡಿಯುತ್ತವೆ. ಮಳೆಗಾಲದಲ್ಲಿ ಇಳಿದ ನೀರು ಬಿರುಕಿನೊಳಗೆ ನಿಂತು, ನಿಧಾನಕ್ಕೆ ಸರಿದು, ತಿಂಗಳುಗಳ ಮೇಲೆ ಎಲ್ಲೋ ಒಂದು ಸಂದಿಯಲ್ಲಿ ಜಿನುಗುತ್ತದೆ. ಹವಾಸುವಿನಲ್ಲೂ ಹಾಗೇ. ಆ ಜಲಪಾತವನ್ನು ವರ್ಷವಿಡೀ ನಡೆಸುವುದು ಆಗಾಗ ಬೀಳುವ ಮಳೆಯಲ್ಲ, ನೆಲದಡಿಯ ಸೆಲೆ. ಅಲ್ಲಿಯ ಮೂಲನಿವಾಸಿಗಳು ಹವಾಸುಪಾಯಿ, ಅಂದರೆ ನೀಲಿ-ಹಸಿರು ನೀರಿನ ಜನ. ಮೇಲಿನ ಪ್ರಸ್ಥಭೂಮಿಯ ಯುರೇನಿಯಂ ಗಣಿಯಿಂದ ತಮ್ಮ ಸೆಲೆ ಕೆಡುತ್ತದೆ ಅಂತ ಅವರು ವರ್ಷಗಳಿಂದ ಹೋರಾಡುತ್ತಿದ್ದಾರೆ. ಧುಮುಕುವ ನೀರಿನ ಹಣೆಬರಹ ಬರೆಯುವುದು ಧುಮುಕುವ ಜಾಗದಲ್ಲಲ್ಲ, ದೂರದಲ್ಲಿ.

ಒಣ ಸೀಮೆಯಲ್ಲಿ ಎತ್ತರದ ಮೇಲೆ ನೀರಿದೆ ಅಂದಮೇಲೆ ಚರಿತ್ರೆ ಸುಮ್ಮನೆ ಬಿಡುತ್ತದೆಯೇ? ಹೊಯ್ಸಳ ವಿಷ್ಣುವರ್ಧನನ ರಾಣಿ ಶಾಂತಲೆ 1131ರಲ್ಲಿ ತೀರಿಕೊಂಡದ್ದು ಈ ಶಿವಗಂಗೆಯಲ್ಲಿ, ಶ್ರವಣಬೆಳಗೊಳದ ಶಾಸನ ಅದನ್ನು ದಾಖಲಿಸಿದೆ. ತುದಿಯ ಹತ್ತಿರದ ಕಡಿದಾದ ಅಂಚನ್ನು ಈಗ ಎಲ್ಲರೂ 'ಶಾಂತಲಾ ಡ್ರಾಪ್' ಅಂತಾರೆ, ಅಲ್ಲಿಂದ ಹಾರಿದಳಂತೆ ಅನ್ನುವುದು ಜನರ ಕಥೆ. ಅವಳು ಜಿನಭಕ್ತೆ, ಬೆಳಗೊಳದಲ್ಲಿ ಬಸದಿ ಕಟ್ಟಿಸಿದವಳು. ಕೊನೆಗಾಲಕ್ಕೆ ತೀರ್ಥವಿರುವ ಈ ಬೆಟ್ಟದಲ್ಲಿದ್ದಳು ಅನ್ನುವುದೇ ನನಗೆ ಹಾರಿದ ಕಥೆಗಿಂತ ಹೆಚ್ಚು ಕಾಡುತ್ತದೆ.

ಆಮೇಲೆ ಬಂದವರು ಯಲಹಂಕ, ಮಾಗಡಿಯ ಗೌಡರು. 1537ರಲ್ಲಿ ಬೆಂಗಳೂರು ಕಟ್ಟಿದ ಹಿರಿಯ ಕೆಂಪೇಗೌಡರ ಲೋಹದ ವಿಗ್ರಹ ಇದೇ ಗಂಗಾಧರೇಶ್ವರನ ಗುಡಿಯಲ್ಲಿದೆ. ಅವರು ಹೋದಮೇಲೆ, 1609ರಲ್ಲಿ ಇಟ್ಟದ್ದು. ಅವರ ಕಾಲದ್ದೆಂದು ಹೇಳುವ ಧರ್ಮಾಂಬುಧಿ ಕೆರೆಯ ಜಾಗದಲ್ಲಿ ನಾವು ಈಗ ಊರಿಗೆ ಬಸ್ ಹಿಡಿಯುತ್ತೇವೆ, ಮೆಜೆಸ್ಟಿಕ್ಕಿನಲ್ಲಿ. ಗೌಡರು ಮಾತ್ರ ನೀರು ಹುಟ್ಟುವ ಬೆಟ್ಟದಲ್ಲಿ ಕೈಮುಗಿದು ನಿಂತಿದ್ದಾರೆ.

ಹೌದು, ಈ ಬೆಟ್ಟದಲ್ಲಿ ಒಂದು ನದಿಯೇ ಹುಟ್ಟುತ್ತದೆ. ಕುಮುದ್ವತಿ. ನೆಲಮಂಗಲ, ಮಾಗಡಿ ಸೀಮೆಯಲ್ಲಿ ಹರಿದು ತಿಪ್ಪಗೊಂಡನಹಳ್ಳಿಯಲ್ಲಿ ಅರ್ಕಾವತಿಯನ್ನು ಸೇರುತ್ತದೆ. ಅರ್ಕಾವತಿ ಹುಟ್ಟುವುದು ನಂದಿಬೆಟ್ಟದಲ್ಲಿ, ಬರುವುದು ದೊಡ್ಡಬಳ್ಳಾಪುರದ ಮೇಲೆ. ಬೆಂಗಳೂರು ಗ್ರಾಮಾಂತರಕ್ಕೆ ವರ್ಷಪೂರ್ತಿ ಹರಿಯುವ ನದಿ ಒಂದೂ ಇಲ್ಲ ಅಂತ ಸ್ಕೂಲಲ್ಲಿ ಓದಿದ್ದೆವಲ್ಲ? ಆದರೆ ಬೆಂಗಳೂರಿಗೆ ನಲ್ಲಿ ನೀರು ಮೊದಲು ಕುಡಿಸಿದ್ದು ಈ ಅರೆಹೊಟ್ಟೆಯ ನದಿಗಳೇ. ಶೇಷಾದ್ರಿ ಅಯ್ಯರ್ ದಿವಾನರಾಗಿದ್ದಾಗ ಅರ್ಕಾವತಿಯ ಹೆಸರಘಟ್ಟ ಕೆರೆಯಿಂದ ಊರಿಗೆ ನೀರು ತಂದರು. ಅದು ಸಾಲದಾಯಿತು. 1933ರಲ್ಲಿ ತಿಪ್ಪಗೊಂಡನಹಳ್ಳಿಯಲ್ಲಿ ಎರಡೂ ನದಿಗಳನ್ನು ಹಿಡಿದು ಚಾಮರಾಜಸಾಗರ ಕಟ್ಟಿದರು. 1974ರಲ್ಲಿ ಕಾವೇರಿ ಬರುವ ತನಕ ನಗರ ಮುಖ್ಯವಾಗಿ ಬದುಕಿದ್ದು ಇದರ ಮೇಲೆ. ನಿಮ್ಮ ಅಜ್ಜ ಬಸವನಗುಡಿಯಲ್ಲೋ ಮಲ್ಲೇಶ್ವರದಲ್ಲೋ ಇದ್ದವರಾದರೆ ನಮ್ಮ ಬೆಟ್ಟದ ನೀರನ್ನೇ ಕುಡಿದಿರುತ್ತಾರೆ.

ಆಮೇಲೆ ನದಿಗಳು ನಿಂತವು. 2012ರ ಹೊತ್ತಿಗೆ ತಿಪ್ಪಗೊಂಡನಹಳ್ಳಿಯಿಂದ ನಗರಕ್ಕೆ ನೀರೆತ್ತುವುದೇ ನಿಂತಿತು. ಮಳೆ ಕಮ್ಮಿ ಆಯ್ತು ಅಂತ ನಾವೆಲ್ಲ ಅಂದುಕೊಂಡಿದ್ದೆವು. ಬೆಂಗಳೂರಿನ ಏಟ್ರೀ ಸಂಸ್ಥೆಯ ಸಂಶೋಧಕರು ಅರ್ಕಾವತಿ ಯಾಕೆ ಬತ್ತುತ್ತಿದೆ ಅಂತ ಒಂದೊಂದೇ ಕಾರಣ ಹಿಡಿದು ಪರೀಕ್ಷಿಸಿ 2015ರಲ್ಲಿ ಪ್ರಕಟಿಸಿದರು. ನಾವು ಬಗ್ ಹುಡುಕುತ್ತೇವಲ್ಲ, ಹಾಗೆ. ಮಳೆಯೂ ಅಲ್ಲ, ಸೆಕೆಯೂ ಅಲ್ಲ ಅಂದರು. ಮುಖ್ಯವಾಗಿ ಕೈ ತೋರಿಸಿದ್ದು ಬೋರ್‌ವೆಲ್‌ಗಳ ಕಡೆ, ನೀಲಗಿರಿ ತೋಪುಗಳ ಕಡೆ. ಹಿಂದೆ ನೆಲದಡಿಯ ನೀರು ಹಳ್ಳದ ಮಟ್ಟಕ್ಕೇ ಇರುತ್ತಿತ್ತು, ಮಳೆ ನಿಂತಮೇಲೂ ಹಳ್ಳಕ್ಕೆ ಬಸಿಯುತ್ತಿತ್ತು. ಈಗ ಆ ನೀರು ನೂರಾರು ಅಡಿ ಕೆಳಗೆ. ಬಿದ್ದ ಮಳೆ ಹಳ್ಳ ಮುಟ್ಟುವ ಮೊದಲೇ ಬಾಯಾರಿದ ಮಣ್ಣು ಕುಡಿದುಬಿಡುತ್ತದೆ.

ಇದನ್ನು ಓದಿದಾಗ ನನಗೆ ಯಾರದೋ ವಿಷಯ ಅನಿಸಲಿಲ್ಲ. ನಮ್ಮ ಮನೆಯ ಲೆಕ್ಕದ ಪುಸ್ತಕ ಯಾರೋ ಓದಿ ಹೇಳಿದ ಹಾಗಾಯ್ತು.

ನಮ್ಮದು ಬೆಟ್ಟದ ನೆರಳಿನ ಊರು. ತಾತನ ಕಾಲದ ಕಪಿಲೆ ಬಾವಿ ಇತ್ತು, ನಲವತ್ತು ಅಡಿ ಆಳ, ಒಂದು ಮಗ್ಗುಲಿಗೆ ಕಲ್ಲಿನ ಮೆಟ್ಟಿಲು. ನಾನು ಎರಡನೇ ಕ್ಲಾಸಿನಲ್ಲಿದ್ದಾಗ ಚಿಕ್ಕಪ್ಪ ಬೆನ್ನಿಗೆ ಕತ್ತಾಳೆ ಬೆಂಡು ಕಟ್ಟಿ "ಬೀಳ್ಲಾ, ನಾನಿಲ್ವಾ" ಅಂತ ನೂಕಿದರು. ಒಂದು ವಾರಕ್ಕೆ ಒಂದು ಬೆಂಡು ಬಿಚ್ಚಿದರು, ಮುಂದಿನ ವಾರ ಎರಡನೆಯದು. ಜೋರು ಮಳೆಯಾದರೆ ಹಳ್ಳದ ನೀರು ಬಂಡೆ ಮೇಲಿಂದ ಒಂದಾಳೆತ್ತರ ಧುಮುಕುತ್ತಿತ್ತು. ನಮಗೆ ಅದೇ ಜೋಗ. ದೀಪಾವಳಿ ತನಕ ಅದರ ಕೆಳಗಿನ ಗುಂಡಿಯಲ್ಲಿ ಈಜು.

1998ರಲ್ಲಿ ಅಪ್ಪ ಮೊದಲ ಬೋರು ಕೊರೆಸಿದರು. ಹಿಪ್ಪುನೇರಳೆಗೆ ನೀರು ಬಂತು, ಮನೆಗೆ ತಾರಸಿ ಬಂತು. ಮೂರು ವರ್ಷಕ್ಕೆ ಬಾವಿ ಒಣಗಿತು. ಎರಡನೇ ಬೋರು ಇನ್ನೂ ಆಳ. ಮೇಲಿನ ಒಂದೆಕರೆ ಹೊಲಕ್ಕೆ ನೀಲಗಿರಿ ಹಾಕಿದರು. ಕೂಲಿ ಬೇಡ, ಕಾವಲು ಬೇಡ, ಕಡಿದಾಗ ಒಂದೇ ಕಂತಿಗೆ ದುಡ್ಡು. 2006ರಲ್ಲಿ ಸಿಇಟಿ ಮುಗಿಸಿ ನನಗೆ ಬಿಇ ಸೀಟು ಸಿಕ್ಕಿದಾಗ ಮೊದಲ ವರ್ಷದ ಫೀಸು ಕಟ್ಟಿದ್ದು ಆ ಮರ ಕಡಿದ ದುಡ್ಡಿನಲ್ಲಿ. ಹಳ್ಳದ ಗುಂಡಿಯಲ್ಲಿ ಆ ಹೊತ್ತಿಗೆ ಜಾಲಿ ಬೆಳೆದಿತ್ತು.

ಏಟ್ರೀ ಸಂಶೋಧನೆಯ ವಿಷಯ ಅಪ್ಪನಿಗೆ ಒಂದು ಸಂಜೆ ಜಗಲಿಯಲ್ಲಿ ಕೂತು ವಿವರಿಸಿದೆ. ನನ್ನ ದನಿಯಲ್ಲಿ ಸ್ವಲ್ಪ ಆರೋಪ ಇತ್ತೇನೋ. ಪೂರ್ತಿ ಕೇಳಿಸಿಕೊಂಡು ಅಪ್ಪ ಅಂದರು, "ಸರಿ ಕಣಪ್ಪ. ಹಂಗಾರೆ ನಿನ್ ಫೀಸು ಯಾವ್ದ್ರಲ್ಲಿ ಕಟ್ಬೇಕಿತ್ತು ಹೇಳು?"

ನನ್ನ ಹತ್ತಿರ ಉತ್ತರ ಇರಲಿಲ್ಲ. ಈಗಲೂ ಇಲ್ಲ. ಸರ್ಕಾರ 2017ರಲ್ಲಿ ಹೊಸದಾಗಿ ನೀಲಗಿರಿ ನೆಡುವುದನ್ನು ನಿಲ್ಲಿಸಿತು. ತಿಪ್ಪಗೊಂಡನಹಳ್ಳಿಯ ಜಲಾನಯನದಲ್ಲಿ ಕಟ್ಟಡ, ಕಾರ್ಖಾನೆಗಳಿಗೆ ಮಿತಿ ಹಾಕುವ ಆದೇಶ 2003ರಲ್ಲೇ ಬಂದಿತ್ತು. ಆದೇಶಗಳು ಮುಂದೆ ಹಾಕುವ ಮರವನ್ನು, ಮುಂದೆ ಏಳುವ ಕಟ್ಟಡವನ್ನು ತಡೆಯಬಹುದು. ಮೂವತ್ತು ವರ್ಷ ಎತ್ತಿದ ನೀರನ್ನು ವಾಪಸ್ ಇಳಿಸುವವರು ಯಾರು?

ಟೀಮಿನವರು ಅವತ್ತು ಬೆಟ್ಟದ ತುದಿಯಲ್ಲಿ ಕೂತು ಪುಳಿಯೋಗರೆ ತಿನ್ನುತ್ತಾ "ಎಲ್ಲಪ್ಪಾ ನಿನ್ನ ಜಲಪಾತ?" ಅಂದರು. ಕೆಳಗೆ ಒಣಗಿದ ಒಂದು ಗೆರೆ ತೋರಿಸಿದೆ. ಅದು ಕುಮುದ್ವತಿ. ಈ ಕಥೆಯನ್ನು ಅಲ್ಲೇ ಹೇಳಿದ್ದು. ಕ್ವಾರಿ ಲೊಕೇಶನ್ ಕಳಿಸಿದ್ದ ಹುಡುಗ ಇಳಿಯುವಾಗ ಮೆಲ್ಲಗೆ ಬಂದು ಕೇಳಿದ, "ಬಾವಿ ಇನ್ನೂ ಇದ್ಯಾ?"

ಇತ್ತು, ಅರ್ಧ ಕಸ ತುಂಬಿಕೊಂಡು. ಅದೇ ತಿಂಗಳು ಜಲಮಂಡಳಿ ಈಜುಕೊಳಗಳಿಗೆ ಕುಡಿಯುವ ನೀರು ಬಳಸಬಾರದು, ಬಳಸಿದರೆ 5000 ರೂಪಾಯಿ ದಂಡ ಅಂದಿತ್ತು. ನಮ್ಮ ಅಪಾರ್ಟ್‌ಮೆಂಟಿನ ಕೊಳ ಖಾಲಿಯಾಗಿ, ಮಗಳ ಈಜು ಕ್ಲಾಸು ನಿಂತಿತ್ತು. ಆ ಕೊಳ ತುಂಬಿಸುತ್ತಿದ್ದ ಟ್ಯಾಂಕರೂ ನಮ್ಮೂರಿನಂಥ ಯಾವುದೋ ಊರಿನ ಬೋರಿನಿಂದಲೇ ಬರುತ್ತಿತ್ತು ಅಂತ ಅಲ್ಲಿಯವರೆಗೆ ನಾನು ಯೋಚಿಸಿರಲಿಲ್ಲ.

ಮೇ ತಿಂಗಳಲ್ಲಿ ಆಳು ಹಿಡಿದು ಬಾವಿಯ ಕಸ ತೆಗೆಸಿದೆವು. ಹೊಲದ ಮಳೆನೀರು ಹೂಳು ಇಳಿಸಿ ಬಾವಿಗೆ ಬೀಳುವ ಹಾಗೆ ಅಪ್ಪನೇ ನಿಂತು ಕಾಲುವೆ ಮಾಡಿಸಿದರು. ನೀಲಗಿರಿಯ ಬುಡಗಳನ್ನೂ ಕೀಳಿಸಿ ಅಲ್ಲಿ ರಾಗಿ ಚೆಲ್ಲಿದರು, ನಾನು ಕೇಳಿರಲಿಲ್ಲ. ಅಕ್ಟೋಬರ್ ಮಳೆಗೆ ಬಾವಿಯಲ್ಲಿ ಆರೇಳು ಅಡಿ ನೀರು ನಿಂತಿತು, ಸಂಕ್ರಾಂತಿಯ ಹೊತ್ತಿಗೆ ಇಂಗಿಹೋಯಿತು. ಈಜಲು ಸಾಲದು. ಆದರೆ ಇಂಗಿದ್ದು ಕೆಳಕ್ಕೇ ಹೋಗಿರಬೇಕಲ್ಲ.

ಆ ಸಂಕ್ರಾಂತಿಗೆ ಮಗಳನ್ನು ಬೆಟ್ಟಕ್ಕೆ ಕರೆದುಕೊಂಡು ಹೋದೆ. ಒಳಕಲ್ಲಿನ ಮುಂದೆ ಮಂಡಿಯೂರಿ ಭುಜದ ತನಕ ಕೈ ಇಳಿಸಿದಳು. "ಅಪ್ಪಾ, ತಣ್ಣಗಿದೆ!" ಅಂದಳು. ಹಿಂದೆ ಕ್ಯೂ ಇತ್ತು, ಆದರೂ ಇನ್ನೊಂದು ಸಲ ಕೈ ಹಾಕಿದಳು.