ವಾಲಿಯ ಬೂದಿಯೋ, ದನದ ದೊಡ್ಡಿಯೋ?

ಹಂಪಿಗೆ ಹೋದವರು ವಿಠ್ಠಲ ದೇಗುಲ ನೋಡಿ ಹಿಂದಿರುಗಿಬಿಡುತ್ತಾರೆ. ಹತ್ತಿರದ ನಿಂಬಾಪುರದಲ್ಲಿ ಒಂದು ಬೂದಿದಿಬ್ಬವಿದೆ. ವಾಲಿಯನ್ನು ಸುಟ್ಟ ಜಾಗ ಅದೇ ಎಂಬುದು ಹಳೆಯ ನಂಬಿಕೆ. ಕಿಷ್ಕಿಂಧೆ ಎನಿಸಿಕೊಂಡ ಸೀಮೆಯಲ್ಲಿ ಅಷ್ಟು ಬೂದಿ ಕಂಡರೆ ಇನ್ಯಾರ ಹೆಸರು ನೆನಪಾದೀತು?

ಬಳ್ಳಾರಿ, ರಾಯಚೂರು, ಸುರಪುರದ ಕಡೆ ಇಂಥ ದಿಬ್ಬಗಳು ಹಲವು. ಕುಡತಿನಿ, ಕುಪ್ಪಗಲ್ಲಿನವು ಹೆಸರಾದವು. ಒಂದು ಹೆಂಟೆ ಎತ್ತಿಕೊಂಡರೆ ಕೈಗೆ ಹಗುರ. ಒಳಗೆಲ್ಲ ಗುಳ್ಳೆ, ಅಲ್ಲಲ್ಲಿ ಗಾಜಿನ ಹೊಳಪು, ಇಟ್ಟಿಗೆಗೂಡಿನಲ್ಲಿ ಉರಿ ಮಿತಿಮೀರಿ ಕರಗಿದ ಕಿಟ್ಟದ ಹಾಗೆ. ಈ ಕಿಟ್ಟವೇ ಪಂಡಿತರ ದಾರಿ ತಪ್ಪಿಸಿದ್ದು. ಜ್ವಾಲಾಮುಖಿ ಎಂದರು, ಕುಲುಮೆ ಎಂದರು, ಸಾಮೂಹಿಕ ದಹನ ಎಂದರು.

ಭೂವಿಜ್ಞಾನಿ ರಾಬರ್ಟ್ ಬ್ರೂಸ್ ಫೂಟ್ ಮಾತ್ರ ನೆಲ ನೋಡುತ್ತ ನಡೆಯುವ ಮನುಷ್ಯ. ದಿಬ್ಬಗಳ ಸುತ್ತ ಬಿದ್ದ ಕಲ್ಲುಕೊಡಲಿ, ಮಡಕೆಚೂರು ಆಯ್ದು, ಇವು ಹೊಸ ಶಿಲಾಯುಗದವರ ನೆಲೆಗಳು, ಸುಟ್ಟದ್ದು ಸಗಣಿ ಎಂದ. ತಿಪ್ಪೆಗೆ ಬೆಂಕಿ ಬಿದ್ದದ್ದನ್ನು ಕಂಡ ಯಾವ ರೈತನಿಗೂ ಇದು ಸೋಜಿಗವಲ್ಲ. ಹುಲ್ಲು ಮೇದ ದನದ ಸಗಣಿಯಲ್ಲಿ ಸಿಲಿಕಾ ಇರುತ್ತದೆ. ಉರಿ ಜೋರಾದರೆ ಕರಗಿ ಗಾಜಾಗುತ್ತದೆ.

ಗಟ್ಟಿ ಸಾಕ್ಷಿ ಸಿಕ್ಕಿದ್ದು 1957ರಲ್ಲಿ. ಈಗಿನ ತೆಲಂಗಾಣದ ಉಟ್ನೂರಿನಲ್ಲಿ ಪುರಾತತ್ವಜ್ಞ ರೇಮಂಡ್ ಆಲ್ಚಿನ್ ಅಗೆಸಿದಾಗ ಬೇಲಿಗೂಟಗಳ ಕುಳಿಗಳು ಸಾಲಾಗಿ ಕಂಡವು. ಬೂದಿಯ ಪದರದ ಮೇಲೆ ದನಗಳ ಗೊರಸಿನ ಗುರುತುಗಳಿದ್ದವು! ಅಂದರೆ ಅದು ದನದ ದೊಡ್ಡಿ.

ಮುಂದೆ ಸುರಪುರದ ಸೀಮೆಯನ್ನು ಪುರಾತತ್ವಜ್ಞ ಕೆ. ಪದ್ದಯ್ಯ ಊರೂರು ಸುತ್ತಿ ಶೋಧಿಸಿದರು. ಅವರು ಅಗೆದ ಬೂದಿಹಾಳದಲ್ಲಿ ದೊಡ್ಡಿಯಷ್ಟೇ ಅಲ್ಲ, ಪಕ್ಕದಲ್ಲೇ ಜನರ ವಾಸ, ಮಕ್ಕಳ ಸಮಾಧಿಗಳು, ದನ ಕಡಿದು ಹಂಚುತ್ತಿದ್ದ ಕಟ್ಟೆ ಸಿಕ್ಕವು. ಹಾಲು ಕರೆಯುವ ಗೋಪಾಲರ ಚಿತ್ರವಷ್ಟೇ ಮನಸ್ಸಿನಲ್ಲಿದ್ದವರಿಗೆ ಆ ಮೂಳೆರಾಶಿ ತುಸು ಕಸಿವಿಸಿ ತಂದೀತು. ಬಳ್ಳಾರಿ ಹತ್ತಿರದ ಸಂಗನಕಲ್ಲಿನಲ್ಲಿ ಸುಟ್ಟು ಕರಿದಾದ ಹುರುಳಿ, ಹೆಸರು, ಕೊರಲೆ ಕಾಳುಗಳೂ ಸಿಕ್ಕಿವೆ.

ಸಗಣಿಯನ್ನು ಪದೇಪದೇ ಸುಟ್ಟದ್ದೇಕೆ? ಅದು ಬರಿಯ ಅವಘಡವಲ್ಲ, ಹಬ್ಬದಾಚರಣೆ ಎಂಬುದು ಆಲ್ಚಿನ್ ವಾದ. ಸಂಕ್ರಾಂತಿಯ ಸಂಜೆ ದನಗಳಿಗೆ ಕಿಚ್ಚು ಹಾಯಿಸುವುದನ್ನು ಕಂಡವರು ಅದನ್ನು ಸುಲಭಕ್ಕೆ ತಳ್ಳಿಹಾಕಲಾರರು. ಆದರೆ ನಡುವಿನ ನಾಲ್ಕು ಸಾವಿರ ವರ್ಷಗಳ ಕೊಂಡಿ ತೋರಿಸುವುದು ಕಷ್ಟ.

ಈ ಬೂದಿ ಗೊಬ್ಬರಕ್ಕೂ ಆಗುತ್ತದೆ. ಹಾಗಾಗಿ ಎಷ್ಟೋ ದಿಬ್ಬಗಳು ಗಾಡಿಗಟ್ಟಲೆ ಹೊಲ ಸೇರಿವೆ.